ನನ್ನ ಡಿಶ್ಶಿನಲ್ಲಿ ನಿಂತ ಕೋಶ, ಚೈತ್ರಳ ಡಿಶ್ಶಿನಲ್ಲಿ ಓಡಿತು

ನಾನು ಕೆಲಸ ಕಲಿತದ್ದು ಮೇಣದ ಜೊತೆ. ಮೆದುಳಿನ ಗಡ್ಡೆಯ ತುಂಡು ಆಪರೇಷನ್ ಕೊಠಡಿಯಿಂದ, ಕೆಡದಂತೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬರುತ್ತಿತ್ತು. ಅದನ್ನು ಮೇಣದಲ್ಲಿ ಹುದುಗಿಸುವುದು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವುದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಪಟ್ಟಿಗೆ ಎತ್ತಿಕೊಳ್ಳುವುದು, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು. ಇಷ್ಟೇ ಕೆಲಸ. ಇದರಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಗಾಜಿನ ಮೇಲೆ ಉಳಿಯುವುದು ಕಸ.

ಈಗ ಪ್ರಯೋಗಾಲಯಗಳಿಗೆ ತಾಂತ್ರಿಕ ಸಹಾಯಕರಾಗಿ ಸೇರುತ್ತಿರುವ ಹುಡುಗ ಹುಡುಗಿಯರಲ್ಲಿ ಕೆಲವರು ನಮ್ಮ ಚಾಮರಾಜಪೇಟೆಯ ಮನೆಗೆ ಬಂದು, 'ಮೇಡಂ, ಈ ಕೆಲಸ ಹೇಗಿರುತ್ತೆ?' ಎಂದು ಕೇಳುತ್ತಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ನನಗೆ ಅರ್ಥವಾದದ್ದನ್ನು ಹೇಳೋಣವೆಂದರೆ ಅದು ಬಹಳ ಕಡಿಮೆ. ಅರ್ಥವಾಗದೆ ಉಳಿದದ್ದೇ ಹೆಚ್ಚು. ಹಾಗಾಗಿ ಅದನ್ನೇ ಬರೆಯುತ್ತೇನೆ.

ನನ್ನ ಮೊದಲ ಮೇಲಧಿಕಾರಿ ಡಾಕ್ಟರ್ ಶಾಮಣ್ಣನವರು. ಅವರು ಬರುವ ಮೊದಲು ಚಾಕು ಒರೆಸಿರಬೇಕು, ನೀರು ಕಾದಿರಬೇಕು, ಗಾಜಿನ ಪಟ್ಟಿಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ. ಟ್ರೇ ಎತ್ತಿಕೊಂಡು ಹೋಗಿ ತೊಟ್ಟಿಗೆ ಸುರಿದು, 'ಮೊದಲಿಂದ' ಎನ್ನುತ್ತಿದ್ದರು. ಒಂದು ದಿನ ನಮ್ಮಲ್ಲಿ ಒಬ್ಬರು ನೀರಿನ ಬಟ್ಟಲನ್ನು ಒರೆಸದೆ ಎರಡು ರೋಗಿಗಳ ತುಂಡುಗಳನ್ನು ಒಂದರ ಹಿಂದೊಂದು ತೇಲಿಸಿದರು. ಶಾಮಣ್ಣನವರು ಸೂಕ್ಷ್ಮದರ್ಶಕದಲ್ಲಿ ನೋಡಿ, ಮುಖದಲ್ಲಿ ಒಂದು ಗೆರೆಯೂ ಬದಲಾಗದೆ, 'ಈ ಪುಣ್ಯಾತ್ಮನ ತಲೇಲಿ ಕರುಳಿದೆ, ಬನ್ನಿ ನೋಡಿ' ಅಂದರು. ಹಿಂದಿನ ರೋಗಿಯ ಕರುಳಿನ ಚೂರು ತೇಲಿ ಬಂದು ಈ ರೋಗಿಯ ಮೆದುಳಿಗೆ ಅಂಟಿತ್ತು. ಅಂದಿನಿಂದ ನನಗೆ ಬಟ್ಟಲು ಒರೆಸುವ ಚಟ. ಮನೆಯಲ್ಲಿ ಪಾಯಸದ ಬಟ್ಟಲನ್ನೂ ಎರಡು ಸಲ ಒರೆಸುತ್ತೇನೆ.

ಅವರೇ ಒಮ್ಮೆ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, 'ಗಡ್ಡೆ ಎಲ್ಲಿ ಮುಗಿಯುತ್ತೆ, ತೋರಿಸು' ಅಂದರು.

ನಾನು ಹುಡುಕಿದೆ. ಮಧ್ಯದಲ್ಲಿ ಕೋಶಗಳು ಒತ್ತೊತ್ತಾಗಿದ್ದವು. ಆಮೇಲೆ ವಿರಳವಾದವು. ಆಮೇಲೆ ಒಳ್ಳೆಯ ಮೆದುಳಿನ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಬೆರಳಿಟ್ಟು ಇಲ್ಲಿಗೆ ಮುಗಿಯಿತು ಎನ್ನುವ ಗಡಿಯೇ ಇರಲಿಲ್ಲ.

'ಸಿಗ್ತಿಲ್ಲ ಸಾರ್.'

'ಸರ್ಜನ್‌ಗೂ ಸಿಗಲ್ಲ. ಇದು ದೇಹದ ಬೇರೆ ಕಡೆ ಹೋಗೋದು ಅಪರೂಪ. ಮೆದುಳಲ್ಲೇ ಒಂದೊಂದಾಗಿ ನುಸುಳ್ಕೊಂಡು ಹೋಗುತ್ತೆ. ಅದಕ್ಕೇ ತೆಗೆದ ಮೇಲೂ ತಿರುಗಿ ಬರೋದು.'

ಅವು ಯಾಕೆ ನುಸುಳುತ್ತವೆ ಎಂದು ಕೇಳಿದೆ. 'ಅದು ನಮ್ಮ ಕೆಲಸ ಅಲ್ಲ. ಕೊಯ್ಯೋದು ನಮ್ಮ ಕೆಲಸ' ಅಂದರು. ಆ ಉತ್ತರ ನನಗೆ ನೆಮ್ಮದಿ ಕೊಟ್ಟಿತು. ಕೆಲಸಕ್ಕೊಂದು ಗಡಿ ಇತ್ತು. ಅವರು ನಿವೃತ್ತರಾದ ಮೇಲೆ ಆ ಗಡಿಯೂ ಹೋಯಿತು.

ಅವರ ನಂತರ, ನಾನು ಸಂಶೋಧನಾ ವಿಭಾಗಕ್ಕೆ ಬಂದಾಗ, ಮುಖ್ಯಸ್ಥೆಯಾಗಿದ್ದವರು ಡಾಕ್ಟರ್ ಮಾಲಿನಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರ ಜೊತೆಗೆ ಆರ್‌ಎನ್‌ಎ ಬಂತು. ಕೋಶದೊಳಗೆ ಯಾವ ಪ್ರೋಟೀನು ತಯಾರಾಗಬೇಕೆಂಬ ಆದೇಶವನ್ನು ಹೊತ್ತೊಯ್ಯುವ ಎಳೆ ಅದು. ಮೇಣದ ತುಂಡು ಹತ್ತು ವರ್ಷ ಕಪಾಟಿನಲ್ಲಿ ಬಿದ್ದಿದ್ದರೂ ಜಗ್ಗುವುದಿಲ್ಲ. ಆರ್‌ಎನ್‌ಎ ಹಾಗಲ್ಲ, ನಮ್ಮ ಬೆರಳ ಬೆವರು ತಾಗಿದರೆ ಸಾಕು, ಕರಗಿಹೋಗುತ್ತದೆ. ಅಷ್ಟು ವರ್ಷ ಪಳಗಿಸಿದ ನನ್ನ ಕೈಯನ್ನೇ ಈಗ ಗ್ಲೌಸಿನೊಳಗೆ ಬಚ್ಚಿಡಬೇಕಾಯಿತು.

ಒಂದು ವರ್ಷ ಆಯುಧಪೂಜೆಗೆ ನಾವೆಲ್ಲ ಸೇರಿ ಯಂತ್ರಗಳಿಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಆರತಿ ಎತ್ತಿದೆವು. ಆರ್‌ಎನ್‌ಎ ಅಳೆಯುವ ಯಂತ್ರಕ್ಕಂತೂ ಹಣೆ ತುಂಬ ಅರಿಸಿನ. ರಜೆ ಮುಗಿಸಿ ಬಂದು ನೋಡಿದರೆ ಯಂತ್ರಕ್ಕೆ ಖಾಲಿ ಟ್ಯೂಬಿನಲ್ಲೂ ಬೆಳಕು ಕಾಣುತ್ತಿದೆ. ಏನೂ ಇಲ್ಲದ ಕಡೆ ಏನೋ ಇದೆ ಎನ್ನುತ್ತಿದೆ. ರಾಸಾಯನಿಕ ಬದಲಿಸಿದೆವು, ನೀರು ಬದಲಿಸಿದೆವು, ಕಂಪನಿಯ ಎಂಜಿನಿಯರನ್ನು ಕರೆಸಿದೆವು. ಆತ ಮುಚ್ಚಳ ತೆಗೆದು, ಬೆರಳಿಗೆ ಹತ್ತಿದ ಹಳದಿ ಪುಡಿ ನೋಡಿ, 'ಅರಿಸಿನ ಹೊಳೆಯುತ್ತೆ ಮೇಡಂ' ಅಂದ. ಆ ಯಂತ್ರ ಹುಡುಕುವುದು ಅಂಥ ಹೊಳಪನ್ನೇ. ಮುಂದಿನ ವರ್ಷದಿಂದ ಮಾಲಿನಿ ಮೇಡಂ ಅಪ್ಪಣೆ: 'ಪೂಜೆ ಮಾಡಿ, ಬೇಡ ಅನ್ನಲ್ಲ. ಅರಿಸಿನ ಮೇಜಿನ ಕಾಲಿಗೆ.'

ಇದು ತಮಾಷೆಯಾಗಿ ಮುಗಿದ ಗೊಂದಲ. ಮುಂದಿನದು ಹಾಗೆ ಮುಗಿಯಲಿಲ್ಲ.

ಮೇಡಂ ಹಿಡಿದಿದ್ದ ಪ್ರಶ್ನೆ, ಹಿಂದೆ ನಾನು ಶಾಮಣ್ಣನವರನ್ನು ಕೇಳಿದ್ದೇ: ಗಡ್ಡೆಯ ಕೋಶ ಯಾಕೆ ನುಸುಳುತ್ತದೆ? ಮೈಕ್ರೋ ಆರ್‌ಎನ್‌ಎ ಎಂಬ ಚಿಕ್ಕ ತುಣುಕುಗಳಿವೆ. ಅವು ಉದ್ದನೆಯ ಆರ್‌ಎನ್‌ಎ ಎಳೆಯ ಬಾಲದಲ್ಲಿ ತಮಗೆ ಹೊಂದುವ ಜಾಗ ನೋಡಿ ಕೂರುತ್ತವೆ. ಕೂತರೆ ಆ ಆದೇಶ ಜಾರಿಯಾಗುವುದು ನಿಲ್ಲುತ್ತದೆ, ಇಲ್ಲವೇ ಕುಗ್ಗುತ್ತದೆ. 'ಕೋಶವೇ, ಹೊರಡು' ಎಂಬ ಆದೇಶದ ಮೇಲೆ ಕೂತರೆ ಕೋಶ ಹೊರಡುವುದಿಲ್ಲ. ನಾವು ಹಿಂದೆ ಬಿದ್ದಿದ್ದ ಒಂದು ಮೈಕ್ರೋ ಇಂಥ ಬ್ರೇಕು ಎಂದು ನಂಬಿದ್ದೆವು. ಅದು ಹೆಚ್ಚಿದ್ದರೆ ಗಡ್ಡೆ ಹರಡುವುದು ಕಡಿಮೆ. ಇಷ್ಟು ನನಗೆ ಅರ್ಥವಾಯಿತು.

ಆಮೇಲೆ ಮೇಡಂ ಆರ್‌ಎನ್‌ಎಯನ್ನು ಹಿಡಿದುಕೊಳ್ಳುವ ಪ್ರೋಟೀನುಗಳ ವಿಷಯ ತೆಗೆದರು. ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

'ವನಜಮ್ಮ, ಮೆಜೆಸ್ಟಿಕ್‌ನಲ್ಲಿ ಊರಿಗೆ ಹೋಗೋ ಬಸ್ ಬಂದ ತಕ್ಷಣ ಕಿಟಕಿಯಿಂದ ಸೀಟಿಗೆ ಟವಲ್ ಹಾಕ್ತಾರಲ್ಲ?'

'ಹೌದು.'

'ಈ ಪ್ರೋಟೀನು ಆ ಟವಲ್ ಇದ್ದಂಗೆ. ಅದು ಮೊದಲೇ ಬಿದ್ದಿದ್ರೆ ಮೈಕ್ರೋ ಬಂದು ನಿಂತ್ಕೊಂಡೇ ಇರ್ಬೇಕು. ಕೂರಕ್ಕಾಗಲ್ಲ. ಬ್ರೇಕ್ ಬೀಳಲ್ಲ.'

'ಹಾಗಾದ್ರೆ ಪ್ರೋಟೀನು ಕೆಟ್ಟದ್ದು.'

'ಹಂಗೂ ಹೇಳಕ್ಕಾಗಲ್ಲ. ಇನ್ನೊಂದು ಎಳೆ ಮೇಲೆ ಇಂಥದೇ ಪ್ರೋಟೀನು ಸ್ವಲ್ಪ ಸರಕೊಂಡು, ಬನ್ನಿ ಕೂತ್ಕೊಳ್ಳಿ ಅಂತ ಮೈಕ್ರೋಗೆ ಜಾಗ ಮಾಡ್ಕೊಡುತ್ತೆ.'

'ಅದೇ ಪ್ರೋಟೀನಾ?'

'ಕೆಲವು ಸಲ ಅದೇ.'

'ಮತ್ತೆ ಯಾವಾಗ ಟವಲ್ ಹಾಕುತ್ತೆ, ಯಾವಾಗ ಜಾಗ ಬಿಡುತ್ತೆ?'

ಮೇಡಂ ನಕ್ಕರು. 'ಅದು ಗೊತ್ತಿದ್ರೆ ನಾನು ನಿಮ್ಮನ್ನ ಕೇಳ್ತಿದ್ನಾ ಟವಲ್ ವಿಷಯ?'

ಅವತ್ತು ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಒಂದು ವಸ್ತುವಿಗೆ ಒಂದು ಕೆಲಸ ಎಂಬ ಲೆಕ್ಕದಲ್ಲಿ ಬೆಳೆದವಳು ನಾನು. ಚಾಕು ಕೊಯ್ಯುತ್ತದೆ, ಮೇಣ ಹಿಡಿಯುತ್ತದೆ. ಚಾಕು ಒಮ್ಮೊಮ್ಮೆ ಹೊಲಿಯುತ್ತದೆ ಎಂದರೆ ಅದನ್ನು ಯಾವ ಗೂಡಿನಲ್ಲಿಡುವುದು?

ಜಯಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ತಿರುವಿನಲ್ಲಿ ಜಯಮ್ಮ, ಮುನಿಯಪ್ಪ ದಂಪತಿಯ ತರಕಾರಿ ಅಂಗಡಿ. ಮನೆ ಗವಿಪುರಂ ಕಡೆ. ಮುನಿಯಪ್ಪ ಮಾರ್ಕೆಟ್ಟಿಂದ ಮಾಲು ತರುವವರು, ಮಾತಿನಲ್ಲಿ ಮೆದು. ವ್ಯಾಪಾರ ಜಯಮ್ಮನದು. ನಾನು ಬೀನ್ಸ್ ಮುರಿದು ಎಳೆಯದೋ ಬಲಿತದೋ ನೋಡಿದರೆ, 'ಅಕ್ಕಾ, ಮುರಿದಿದ್ದೆಲ್ಲ ನಿಮ್ಮನೇಗೇ ಬರುತ್ತೆ, ನೋಡ್ಕೊಂಡು ಮುರೀರಿ' ಎನ್ನುತ್ತಿದ್ದಳು. ಒಂದು ದಿನ ಅವಳು ಹೀರೇಕಾಯಿ ಕೈಯಲ್ಲಿ ಹಿಡಿದು, 'ತಗೊಳ್ಳಿ ಅಕ್ಕ, ಈ... ಈ...' ಎಂದು ನಿಂತುಬಿಟ್ಟಳು. ಹೆಸರು ಬರಲಿಲ್ಲ. ನಕ್ಕಳು. 'ವಯಸ್ಸಾಯ್ತು' ಅಂದಳು. ಮಾರನೆಯ ವಾರ ನಿಂಬೆಹಣ್ಣಿಗೂ ಹಾಗೇ ಆಯಿತು. ಡಾಕ್ಟರಿಗೆ ತೋರಿಸಲು ಹೇಳಿದೆ.

ಕೆಲವು ದಿನಗಳ ನಂತರ ನಾನು ಎಂದಿನಂತೆ ಗಡ್ಡೆಯ ತುಂಡು ಪಡೆಯಲು ಐಸ್ ಡಬ್ಬಿ ಹಿಡಿದು ಆಪರೇಷನ್ ಕೊಠಡಿಯ ಬಾಗಿಲಿಗೆ ಹೋದಾಗ, ಹೊರಗಿನ ಬೆಂಚಿನ ಮೇಲೆ ಕೂತಿದ್ದವರು ಮುನಿಯಪ್ಪ. ನನ್ನ ಕೈಯ ಡಬ್ಬಿಯಲ್ಲಿ ಆ ದಿನ ಬಿದ್ದದ್ದು ಜಯಮ್ಮನ ಮೆದುಳಿನ ತುಂಡು. ಚಿಕಿತ್ಸೆಗೆ ಬೇಕಾದ ಭಾಗ ತಪಾಸಣೆಗೆ ಹೋದ ಮೇಲೆ ಮಿಕ್ಕದ್ದನ್ನು ಸಂಶೋಧನೆಗೆ ಕೊಡಲು ಅವರು ಒಪ್ಪಿದ್ದರು. ಪ್ರಯೋಗಾಲಯಕ್ಕೆ ಬಂದು ಕೂತೆ. ಅಷ್ಟು ವರ್ಷ ತುಂಡುಗಳನ್ನು ಮುಟ್ಟಿದವಳು ನಾನು. ಆದರೆ ಅವುಗಳಲ್ಲಿ ಯಾವುದೂ ಅಲ್ಲಿಯವರೆಗೆ ನನ್ನನ್ನು ಅಕ್ಕಾ ಎಂದು ಕರೆದಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಹೀರೇಕಾಯಿಯ ಹೆಸರು ಜಯಮ್ಮನಿಗೆ ಮರಳಿ ಬಂತು. ಕಾಣುವಷ್ಟನ್ನು ತೆಗೆದಿದ್ದೇವೆ, ಕಾಣದ್ದಕ್ಕೆ ವಿಕಿರಣ ಚಿಕಿತ್ಸೆ ಬೇಕು, ವಾರಗಟ್ಟಲೆ ದಿನ ಬಿಡದೆ ಬರಬೇಕು ಎಂದು ಡಾಕ್ಟರು ಹೇಳಿದರು. ಜನ ಇದನ್ನು ಕರೆಂಟ್ ಕೊಡುವುದು ಎನ್ನುತ್ತಾರೆ. ಗಾಯ ಮಾಗಿದ ಮೇಲೆ ಅದು ಶುರುವಾಯಿತು.

ಅತ್ತ ನಮ್ಮ ಪ್ರಯೋಗಾಲಯದಲ್ಲಿ ಜಯಮ್ಮನ ತುಂಡಿನ ಮೈಕ್ರೋ ಅಳೆದಾಗ ಅದು ಹೆಚ್ಚಿತ್ತು. ಅಳೆದವಳು ಚೈತ್ರ, ಮೇಡಂ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ. ಚುರುಕು, ಮನಸ್ಸು ಒಳ್ಳೆಯದು, ಕೆಲಸ ಬೇಗ ಮುಗಿಸುವ ಆತುರ. ರಕ್ತದ ಮಾದರಿ ತರಲು ಅವಳು ಆಸ್ಪತ್ರೆಗೆ ಹೋದಾಗ ಮುನಿಯಪ್ಪ ಕಾರಿಡಾರಿನಲ್ಲಿ, 'ಏನಮ್ಮ, ನಮ್ಮೋಳ್ದು ಹೆಂಗಿದೆ?' ಎಂದು ಕೇಳಿದ್ದರಂತೆ. ಅವಳು, 'ಹರಡದ ಹಾಗೆ ತಡೆಯೋ ಬ್ರೇಕ್ ಚೆನ್ನಾಗಿದೆ ಅಂಕಲ್, ಒಳ್ಳೇದೇ' ಅಂದಳಂತೆ. ಆಗ ಅದು ಸುಳ್ಳಾಗಿರಲಿಲ್ಲ. ನಾವೆಲ್ಲರೂ ನಂಬಿದ್ದೇ ಅದನ್ನು.

ಆ ನಂಬಿಕೆಗೆ ಆಧಾರವೆಂದರೆ ನಾನು ನಡೆಸಿದ್ದ ಡಿಶ್‌ಗಳು. ಡಿಶ್ ಎಂಬ ಚಪ್ಪಟೆ ಬಟ್ಟಲಿನ ತಳದಲ್ಲಿ ಗಡ್ಡೆಯ ಕೋಶಗಳನ್ನು ಹಾಸಿನಂತೆ ಬೆಳೆಸಿ, ನಡುವೆ ಒಂದು ಗೀರು ಎಳೆದು, ಆ ಖಾಲಿ ಜಾಗಕ್ಕೆ ಕೋಶಗಳು ನುಗ್ಗುತ್ತವೋ ಇಲ್ಲವೋ ಎಂದು ಆಗಾಗ ಚಿತ್ರ ತೆಗೆದು ನೋಡುವುದು. ಮೈಕ್ರೋ ಹೆಚ್ಚಿದ್ದ ಕೋಶಗಳು ನನ್ನ ಡಿಶ್ಶಿನಲ್ಲಿ ಗೀರಿನ ಅಂಚಿಗೆ ಬಂದು ನಿಂತುಬಿಡುತ್ತಿದ್ದವು. ಪ್ರತಿ ಸಲವೂ ಹಾಗೇ. ಮೇಡಂ ಸಂತೋಷಪಟ್ಟಿದ್ದರು.

ಈಗ ಜಯಮ್ಮನ ಗಡ್ಡೆಯಿಂದಲೇ ಬೆಳೆಸಿದ ಕೋಶಗಳು ಸಿದ್ಧವಾದವು. ಪ್ರಬಂಧ ತನ್ನದಾದ್ದರಿಂದ ಗೀರನ್ನು ತಾನೇ ಎಳೆಯುತ್ತೇನೆಂದು ಚೈತ್ರ ಹೊರಟಳು. ಮಾರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಗೀರು ಮುಚ್ಚಿಹೋಗಿತ್ತು. ಕೋಶಗಳು ಎರಡೂ ಕಡೆಯಿಂದ ಓಡಿ ಬಂದು ಸೇರಿದ್ದವು.

'ಮೈಕ್ರೋ ಅಳೆದೆಯಾ?' ಎಂದು ಕೇಳಿದೆ.

'ಜಾಸ್ತೀನೇ ಇದೆ ಆಂಟಿ. ಬ್ರೇಕ್ ಇದೆ, ಆದ್ರೂ ಓಡ್ತಿದಾವೆ.'

ನಾನು ಮಾಡಿದೆ. ನಿಂತವು. ಅವಳು ಮತ್ತೆ ಮಾಡಿದಳು. ಓಡಿದವು. ಒಂದೇ ಹೆಂಗಸಿನ ಕೋಶ, ಒಂದೇ ಬಾಟಲಿಯ ಆಹಾರ. ಪಕ್ಕದ ಬೆಂಚಿನ ಹುಡುಗರು, 'ಮಗಾ, ಚೈತ್ರನ್ನ ಕಂಡ್ರೆ ಸೆಲ್‌ಗಳೂ ಓಡೋಗ್ತವೆ' ಎಂದು ರೇಗಿಸಿದರು. ಅವಳು ನಗಲಿಲ್ಲ. ಅವಳು ಯಾವುದೋ ಹೆಜ್ಜೆ ಬಿಡುತ್ತಿದ್ದಾಳೆ ಎಂದೇ ನಾನು ಒಳಗೊಳಗೆ ಅಂದುಕೊಂಡಿದ್ದೆ.

ಮೇಡಂ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, 'ಮಾಡಿ, ನಾನು ನೋಡ್ತೀನಿ' ಎಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯಿಂದ ಒಂದು ಡಿಶ್ ತೆಗೆದು, ಚಿತ್ರ ಹಿಡಿದು, ಒಳಗಿಟ್ಟು, ಆಮೇಲೆ ಇನ್ನೊಂದನ್ನು ತೆಗೆದೆ. ಶಾಮಣ್ಣನವರ ಪಾಠ ಅದು. ಚೈತ್ರ ಎಲ್ಲ ಡಿಶ್‌ಗಳನ್ನೂ ಒಮ್ಮೆಗೇ ಟ್ರೇಯಲ್ಲಿಟ್ಟು ಸೂಕ್ಷ್ಮದರ್ಶಕದ ಕೋಣೆಗೆ ಒಯ್ದಳು. ಆ ಕೋಣೆಯಲ್ಲಿ ಎಸಿ ಜೋರು. ಮೊದಲನೆಯದರ ಚಿತ್ರ ತೆಗೆಯುವಾಗ ಉಳಿದವು ಚಳಿಯಲ್ಲಿ ಕೂತಿದ್ದವು.

ಈ ಸಲವೂ ನನ್ನವು ನಿಂತವು, ಅವಳವು ಓಡಿದವು. ಮೇಡಂ, ಎರಡೂ ಕಡೆಯ ಕೋಶಗಳಲ್ಲಿ ಆ ಟವಲ್ ಪ್ರೋಟೀನು ಎಲ್ಲಿದೆ ಎಂದು ಬಣ್ಣ ಹಾಕಿ ನೋಡಲು ಹೇಳಿದರು. ನನ್ನ ಕೋಶಗಳಲ್ಲಿ ಅದು ನಡುವಿನ ಕೋಶಕೇಂದ್ರದೊಳಗೇ ಅಡಗಿ ಕೂತಿತ್ತು. ಚೈತ್ರಳ ಕೋಶಗಳಲ್ಲಿ ಹೊರಗೆಲ್ಲ ಹರಡಿಕೊಂಡಿತ್ತು. ಚಳಿಯ ಕಷ್ಟ ತಟ್ಟಿದಾಗ ಪ್ರೋಟೀನು ಕೇಂದ್ರದಿಂದ ಹೊರಬಂದಿದೆ, ಆದೇಶಗಳ ಮೇಲೆ ಟವಲ್ ಹಾಕಿದೆ, ಮೈಕ್ರೋಗೆ ಕೂರಲು ಜಾಗವಿಲ್ಲ, ಬ್ರೇಕು ಬಿದ್ದಿಲ್ಲ. ಹೀಗಿರಬಹುದು ಎಂದರು ಮೇಡಂ. ಇರಬಹುದು ಎಂಬ ಪದವನ್ನು ಒತ್ತಿ ಹೇಳಿದರು.

ನನಗೆ ಸಮಾಧಾನವಾಯಿತು. 'ಅಂದ್ರೆ ನನ್ನದೇ ಸರಿ.'

'ಅದ್ಯಾಕೆ?' ಎಂದರು ಮೇಡಂ.

'ನಾನು ಕ್ರಮ ತಪ್ಪಿಸಿಲ್ಲ.'

'ವನಜಮ್ಮ, ತಲೆಯೊಳಗೆ ಗಡ್ಡೆ ನಿಮ್ಮ ಪೆಟ್ಟಿಗೇಲಿ ಕೂತಂಗೆ ಕೂತಿರಲ್ಲ. ಅದರ ಒಂದು ಭಾಗಕ್ಕೆ ರಕ್ತ ಚೆನ್ನಾಗಿ ಬರುತ್ತೆ, ಇನ್ನೊಂದು ಭಾಗ ಉಸಿರಿಲ್ದೆ, ಊಟ ಇಲ್ದೆ ಒದ್ದಾಡ್ತಿರುತ್ತೆ. ನಿಮ್ಮ ಡಿಶ್ ಒಂದು ಭಾಗ ತೋರಿಸ್ತಿದೆ, ಚೈತ್ರಂದು ಇನ್ನೊಂದು ಭಾಗ ತೋರಿಸ್ತಿರಬೋದು. ಎರಡೂ ಅಲ್ದೇ ಇರಬೋದು.'

'ಹಾಗಾದ್ರೆ ಜಯಮ್ಮಂದು ಹರಡುತ್ತೋ ಇಲ್ವೋ?'

'ಇದರಿಂದ ಹೇಳಕ್ಕಾಗಲ್ಲ.'

ಕ್ರಮ ತಪ್ಪಿದವಳಿಗೆ ಸಿಕ್ಕಿದ್ದೂ ನಿಜ, ಕ್ರಮ ಪಾಲಿಸಿದವಳಿಗೆ ಸಿಕ್ಕಿದ್ದೂ ನಿಜ ಎಂದರೆ ಕ್ರಮ ಯಾಕೆ? ಇದನ್ನು ಮೇಡಂ ಹತ್ತಿರ ಕೇಳಿದೆ. ಕ್ರಮ ಇದ್ದದ್ದರಿಂದಲೇ ವ್ಯತ್ಯಾಸ ಕಾಣಿಸಿತು ಎಂದರು. ತಲೆಯಾಡಿಸಿದೆ. ಒಪ್ಪಿದ್ದಕ್ಕೋ ಮಾತು ಮುಗಿಸಲೋ, ಇವತ್ತಿಗೂ ತಿಳಿಯದು.

ಅದೇ ವಾರ ಮುನಿಯಪ್ಪ ನಮ್ಮ ಪ್ರಯೋಗಾಲಯದ ಗೇಟಿನ ಹತ್ತಿರ ಕಾಣಿಸಿಕೊಂಡರು. ಕೈಯಲ್ಲಿ ಎಳೆ ಬದನೆಕಾಯಿಯ ಚೀಲ. ಮುಖದಲ್ಲಿ ಕಳೆ ಇತ್ತು.

'ನಿಮ್ ಹುಡ್ಗೀಗೂ ಕೊಡಿ ಮೇಡಂ. ಆಯಮ್ಮ ಹೇಳಿದ್ದು ಒಳ್ಳೇದಾಯ್ತು. ಜಯಂಗೆ ಕೂದ್ಲೆಲ್ಲ ಉದುರೋಯ್ತು, ಸುಸ್ತು ಅಂತ ಮಲಗಿರೋಳು. ಹೆಂಗೂ ಬ್ರೇಕ್ ಚೆನ್ನಾಗಿದೆ, ಹರಡಲ್ಲ ಅಂದ್ಮೇಲೆ ಅದ್ಯಾಕೆ ಅಂತ ಕರೆಂಟ್ ನಿಲ್ಸಿಬಿಟ್ವಿ.'

'ಯಾವಾಗಿಂದ?' ಎಂದೆ.

'ಹೋದ ವಾರದಿಂದ.'

ಅವರನ್ನು ಅಲ್ಲೇ ಕೂರಿಸಿ ಮೇಡಂ ಹತ್ತಿರ ಓಡಿದೆ. ಮೇಡಂ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದರು. ಅವರೂ ಹುಡುಕಿಸುತ್ತಿದ್ದರಂತೆ. ಆಸ್ಪತ್ರೆಯಿಂದ ಕರೆ ಹೋದರೆ ಮನೆಯವರು ಎತ್ತುತ್ತಿರಲಿಲ್ಲ. ನಡುವೆ ಬಿಡುವಂಥ ಚಿಕಿತ್ಸೆ ಅಲ್ಲ, ಆದಷ್ಟು ಬೇಗ ಕರೆತನ್ನಿ ಎಂದರು ಡಾಕ್ಟರು. ಚೈತ್ರ ಗ್ಲೌಸ್ ಕಿತ್ತಿಟ್ಟು ಬಂದಳು. 'ಮೇಡಂ, ನೀವೇ ಬಂದು ಹೇಳಿ' ಎಂದಳು.

'ಬೇಡ' ಅಂದರು ಮೇಡಂ. 'ನಾನು ಬಂದ್ರೆ, ದೊಡ್ಡ ಡಾಕ್ಟರೇ ಬಂದ್ರು, ಏನೋ ಗೊತ್ತಿದೆ ಅಂದ್ಕೋತಾರೆ. ನಮಗೇನೂ ಗೊತ್ತಿಲ್ಲ ಅಂತ ಹೇಳೋಕೆ ನೀವಿಬ್ಬರೇ ಹೋಗಿ.'

ಮುನಿಯಪ್ಪನವರ ಜೊತೆಯಲ್ಲೇ ಅವರ ಮನೆಗೆ ಹೋದೆವು. ದಾರಿಯಲ್ಲಿ ಅವರು ಎರಡು ಸಲ, 'ಏನಾದ್ರೂ ತೊಂದ್ರೆನಾ ಮೇಡಂ?' ಎಂದು ಕೇಳಿದರು. ಮನೆಗೆ ಹೋಗಿ ಹೇಳುತ್ತೇನೆ ಅಂದೆ. ಜಯಮ್ಮ ತಲೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡು ಚಾಪೆಯ ಮೇಲೆ ಕೂತು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಳು.

'ಅಕ್ಕ ಬಂದ್ರಾ, ಬನ್ನಿ. ಸೊಪ್ಪು ಬಿಡಿಸ್ತೀರಾ, ಇಲ್ಲ ಇದನ್ನೂ ಮುರೀತೀರಾ?'

ಚೈತ್ರ ನೆಲದ ಮೇಲೆ ಅವಳೆದುರು ಕೂತಳು. 'ಆಂಟಿ, ನಾನು ಅಂಕಲ್‌ಗೆ ಒಂದು ಮಾತು ಹೇಳಿದ್ದೆ. ಅದನ್ನ ಹೇಳಬಾರದಿತ್ತು. ಅದು ಇನ್ನೂ ಪರೀಕ್ಷೆ ಅಷ್ಟೆ, ರಿಪೋರ್ಟ್ ಅಲ್ಲ. ಅದನ್ನ ನಂಬಿ ಕರೆಂಟ್ ಬಿಡಬೇಡಿ.'

'ಅಂದ್ರೆ ಹರಡುತ್ತಾ?' ಮುನಿಯಪ್ಪನವರ ಧ್ವನಿ ಏರಿತು.

'ಹರಡುತ್ತೆ ಅಂತಾನೂ ಹೇಳ್ತಿಲ್ಲ' ಎಂದೆ ನಾನು.

'ಹರಡಲ್ವಾ ಹಂಗಾದ್ರೆ?'

'ಅದೂ ಗೊತ್ತಿಲ್ಲ.'

'ಅಲ್ಲಾ ಮೇಡಂ, ತಲೆ ಕೊರ್ದು ತಗೊಂಡೋಗಿದೀರಾ. ಇಷ್ಟ್ ದಿವ್ಸ ಇಟ್ಕೊಂಡು ನೋಡಿದೀರಾ. ಒಂದ್ ಮಾತು ಹೇಳಕ್ಕಾಗಲ್ವಾ?'

ಅವರ ಸಿಟ್ಟು ನ್ಯಾಯವಾದದ್ದು. ಜಯಮ್ಮ ಸೊಪ್ಪು ಕೆಳಗಿಟ್ಟಳು.

'ಅವ್ರ ಮೇಲೆ ಯಾಕೆ ರೇಗ್ತೀರಾ. ನಂಗೂ ಆ ಮಾತು ಬೇಕಾಗಿತ್ತು. ಅಲ್ಲಿ ಮುಖಕ್ಕೊಂದು ಜಾಲರಿ ಹಾಕಿ ಮಂಚಕ್ಕೆ ಬಿಗೀತಾರಕ್ಕ. ಅಲ್ಲಾಡಂಗಿಲ್ಲ. ಎಲ್ರೂ ಆಚೆ ಹೋಗಿ ಬಾಗ್ಲು ಹಾಕ್ಕೊಂಡ್ಬಿಡ್ತಾರೆ. ಉಸ್ರೇ ಕಟ್ದಂಗಾಗುತ್ತೆ. ಹರಡಲ್ಲ ಅಂತ ಯಾರೋ ಅಂದ್ರಲ್ಲ, ಸದ್ಯ ಅಂದ್ಕೊಂಡೆ. ನಾ ಹೋಗಲ್ಲ.'

ಆಮೇಲೆ ಅವಳೇ ಚೈತ್ರಳನ್ನು ಕೇಳಿದಳು. 'ಏನಾಯ್ತು ಅಂತ ಸರ್ಯಾಗ್ ಹೇಳಮ್ಮ. ಆಗ ಚೆನ್ನಾಗಿದ್ದಿದ್ದು ಈಗ ಏನಾಯ್ತು?'

'ನಿಮ್ಮ ಗಡ್ಡೆಯಿಂದ ಸ್ವಲ್ಪ ಬೆಳೆಸಿದ್ವಿ ಆಂಟಿ. ಇವ್ರ ಕೈಲಿ ಅದು ನಿಂತ್ಕೊಳ್ತು. ನನ್ನ ಕೈಲಿ ಓಡ್ತು.'

'ನೀನೇನ್ ಮಾಡ್ದೆ?'

'ಚಳೀಲಿ ಇಟ್ಬಿಟ್ಟಿದ್ದೆ.'

ಜಯಮ್ಮನಿಗೆ ನಗು ಬಂತು. 'ಪಾಪ, ಚಳಿಗೆ ಓಡ್ದೆ ಏನ್ಮಾಡುತ್ತೆ. ನನ್ ತಲೆ ಒಳಗೆ ಬೆಚ್ಚಗಿದ್ಯಾ, ಚಳಿ ಇದ್ಯಾ ಅಕ್ಕ?'

'ಚಳಿ ಇರಲ್ಲ ಜಯಮ್ಮ. ಆದರೆ ಹಸಿವು, ಉಸಿರುಕಟ್ಟು ಇರುತ್ತಂತೆ. ಒಂದು ಕಡೆ ನೆಮ್ಮದಿ, ಇನ್ನೊಂದು ಕಡೆ ಕಷ್ಟ. ನೆಮ್ಮದಿ ಇರೋ ಕಡೆ ನಿಲ್ಲಬೋದು. ಕಷ್ಟ ಇರೋ ಕಡೆಯಿಂದ ಹೊರಡಬೋದು. ನಿನ್ನ ತಲೇಲಿ ಯಾವುದು ಎಷ್ಟಿದೆ ಅಂತ ನಮಗೆ ಗೊತ್ತಿಲ್ಲ. ಗೊತ್ತಿದೆ ಅಂತ ಹೇಳಿದ್ರೆ ಸುಳ್ಳು.'

ಅವಳು ಗಂಡನ ಕಡೆ ತಿರುಗಿದಳು. 'ಗಿರಾಕಿ ಬಂದು, ಈ ಕಲ್ಲಂಗಡಿ ಒಳಗೆ ಕೆಂಪಗಿದ್ಯಾ ಅಂದ್ರೆ ನೀವೇನಂತೀರಾ?'

'ಕೆಂಪಗಿದೆ ಅಂತೀನಿ.'

'ಕುಯ್ದು ನೋಡಿರ್ತೀರಾ?'

'ಇಲ್ಲ. ಹಂಗನ್ಲಿಲ್ಲ ಅಂದ್ರೆ ಯಾರ್ ತಗೋತಾರೆ.'

'ನೋಡಿ. ಇವ್ರು ಕುಯ್ದೂ ನೋಡಿ, ಗೊತ್ತಿಲ್ಲ ಅಂತಿದಾರೆ. ಅಂಗಡಿ ಇಟ್ಟಿದ್ರೆ ಮುಚ್ಕೊಂಡೋಗ್ತಿತ್ತು.' ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಒಂದು ಕಟ್ಟು ಪೂರ್ತಿ ಬಿಡಿಸಿದಳು. 'ಕಳ್ಳ ಬರ್ತಾನೋ ಇಲ್ವೋ ಗೊತ್ತಿಲ್ಲ ಅಂತ ಯಾರೂ ಬಾಗ್ಲು ತೆಗ್ದಿಟ್ಟು ಮಲಗಲ್ಲ. ಅಕ್ಕ, ನಾಳೆ ನೀವು ಬರ್ತೀರಾ ಜೊತೆಗೆ? ಆ ಬಾಗ್ಲು ಹಾಕೋ ತನಕ?'

ಬರುತ್ತೇನೆ ಅಂದೆ.

ಇದಾದ ಮೇಲೆ ಮೇಡಂ ನಮ್ಮಲ್ಲಿ ಒಂದು ಪದ್ಧತಿ ತಂದರು. ತುಂಡು ಅಳೆಯುವವರು ರೋಗಿಯ ಮನೆಯವರನ್ನು ಕಾಣಬಾರದು, ಕಾಣುವವರಿಗೆ ಅಳತೆ ತಿಳಿದಿರಬಾರದು. ಡಬ್ಬಿಯ ಮೇಲೆ ಹೆಸರು ಹೋಗಿ ಸಂಖ್ಯೆ ಬಂತು. ಹೊಸದಾಗಿ ಸೇರುವ ನೀವು ಇದನ್ನು ಕಿರಿಕಿರಿ ಎನ್ನುತ್ತೀರಿ. ಕಾರಿಡಾರಿನಲ್ಲಿ ಒಬ್ಬ ಗಂಡ ನಿಮ್ಮ ಮುಖ ನೋಡುತ್ತ ನಿಂತಾಗ 'ಒಳ್ಳೇದೇ' ಎನ್ನದೆ ಇರುವುದು ಎಷ್ಟು ಕಷ್ಟ ಎಂದು ಆಗ ತಿಳಿಯುತ್ತದೆ. ಚೈತ್ರ ತನ್ನ ಪ್ರಬಂಧದಲ್ಲಿ ಎರಡೂ ಬಗೆಯ ಡಿಶ್‌ಗಳನ್ನು ಅಕ್ಕಪಕ್ಕ ಇಟ್ಟು ಬರೆದಳು. ಓದಿದೆ. ಕೊನೆಯ ಪುಟದವರೆಗೂ, ಹಾಗಾದರೆ ಯಾವುದು ಎಂದು ಹುಡುಕಿದೆ. ಪ್ರೋಟೀನು ಎಷ್ಟಿದೆ, ಎಲ್ಲಿದೆ, ಮೈಕ್ರೋ ಎಷ್ಟಿದೆ, ಆ ಹೊತ್ತಿನಲ್ಲಿ ಕೋಶಕ್ಕೆ ಏನು ಕಷ್ಟ, ಎಲ್ಲವೂ ಸೇರಿ ತೀರ್ಮಾನವಾಗುತ್ತದೆ ಎಂದಿತ್ತು. ಅಷ್ಟನ್ನೂ ಒಟ್ಟಿಗೆ ನೋಡುವ ಕಣ್ಣು ನನಗಿಲ್ಲ. ನಿಮಗೆ ಬರಬಹುದು.

ನಾನು ನಿವೃತ್ತಳಾಗಿ ಇದನ್ನು ಬರೆಯುತ್ತಿರುವ ಹೊತ್ತಿಗೆ ಜಯಮ್ಮ ಅರ್ಧ ದಿನ ಅಂಗಡಿಯಲ್ಲಿ ಕೂರುತ್ತಾಳೆ. ಕಳೆದ ಸ್ಕ್ಯಾನಿನಲ್ಲಿ ಹೊಸದೇನೂ ಕಂಡಿಲ್ಲ. ಮುಂದಿನದು ಬರುತ್ತಿದೆ. ಗಡ್ಡೆಯನ್ನು ತಡೆದದ್ದು ಕರೆಂಟೋ, ಮೈಕ್ರೋವೋ, ಎರಡೂ ಸೇರಿಯೋ, ಅಥವಾ ತಡೆದೇ ಇಲ್ಲವೋ, ಯಾರನ್ನು ಕೇಳಿದರೂ ಇದೇ ಎಂದು ಹೇಳುವುದಿಲ್ಲ.

ಅವಳು ಚಿಕಿತ್ಸೆಗೆ ಮರಳಿದ ಆ ದಿನ ನನಗೆ ಚೆನ್ನಾಗಿ ನೆನಪಿದೆ. ನೆಲಮಾಳಿಗೆಯ ಕಾಯುವ ಜಾಗದಲ್ಲಿ ಮೂವರೂ ಕೂತಿದ್ದೆವು. ಹೆಸರು ಕರೆದರು. ಜಯಮ್ಮ ಬಳೆಗಳನ್ನು ತೆಗೆದು ಗಂಡನ ಕೈಗಿಟ್ಟಳು. ಬಾಗಿಲವರೆಗೆ ನನ್ನ ಕೈ ಹಿಡಿದಿದ್ದಳು, ಅಲ್ಲಿ ಬಿಟ್ಟಳು. ದಪ್ಪನೆಯ ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು. ಮೇಲಿನ ಕೆಂಪು ದೀಪ ಹತ್ತಿತು.

ನಾನು ಬಂದು ಬೆಂಚಿನ ಮೇಲೆ ಕೂತೆ. ಮುನಿಯಪ್ಪ ಬಳೆಗಳನ್ನು ಎರಡೂ ಅಂಗೈಯ ನಡುವೆ ಹಿಡಿದುಕೊಂಡಿದ್ದರು.

'ಇನ್ಮೇಲೆ ಹರಡಲ್ಲ ಅಲ್ವಾ ಮೇಡಂ?'

'ಗೊತ್ತಿಲ್ಲ ಮುನಿಯಪ್ಪ.'

ಅವರು ದೀಪವನ್ನೇ ನೋಡುತ್ತ ಕೂತರು. ಅದು ಆರಿತು. ಒಳಗೆ ಯಾರೋ ಓಡಾಡುವ ಸದ್ದು ಕೇಳಿಸಿತು.

'ಸರಿ' ಅಂದರು. 'ನಾಳೆ ಎಷ್ಟೊತ್ತಿಗ್ ಕರ್ಕೊಂಡ್ ಬರ್ಬೇಕು?'

'ಇದೇ ಹೊತ್ತಿಗೆ' ಎಂದೆ.